ಯುದ್ಧ ಮುಗಿಯಿತು ಎಂದವರ ಮಾತು

'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ನಿಮಗೆಲ್ಲ ಗೊತ್ತೇ ಇದೆ. 2003ರ ಏಪ್ರಿಲ್‌ನಲ್ಲಿ ಜಗತ್ತೆಲ್ಲ ಅಂಥ ಒಬ್ಬ ಉತ್ತರನನ್ನು ಟಿವಿಯಲ್ಲಿ ಕಂಡು ನಕ್ಕಿತು. ಆತ ಇರಾಕಿನ ವಾರ್ತಾ ಸಚಿವ ಮೊಹಮ್ಮದ್ ಸಯೀದ್ ಅಲ್ ಸಹಾಫ್. ಅಮೆರಿಕದ ಟ್ಯಾಂಕುಗಳು ಬಾಗ್ದಾದ್ ನಗರದೊಳಕ್ಕೆ ನುಗ್ಗಿದ್ದಾಗಲೂ, ಅಲ್ಲಿ ಅಮೆರಿಕದ ಸೈನಿಕರೇ ಇಲ್ಲ ಎಂದು ಪತ್ರಕರ್ತರ ಮುಂದೆ ಸಾಧಿಸುತ್ತಿದ್ದ. ಏಪ್ರಿಲ್ 9ರಂದು ಬಾಗ್ದಾದ್ ಬಿತ್ತು. ಆತನ ಸುಳ್ಳು ಅಲ್ಲಿಗೆ ಮುಗಿಯಿತು.

ಗೆದ್ದವರ ಮಾತು ಮಾತ್ರ ಹೆಚ್ಚು ಕಾಲ ಬಾಳಿತು. ಮೇ 1ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಅಬ್ರಹಾಂ ಲಿಂಕನ್ ಎಂಬ ಯುದ್ಧನೌಕೆಯ ಮೇಲೆ ನಿಂತು, ಇರಾಕಿನಲ್ಲಿ ಪ್ರಮುಖ ಕಾಳಗ ಮುಗಿದಿದೆ ಎಂದು ಸಾರಿದರು. ಹಿಂದೆ, ಕಾರ್ಯ ಪೂರ್ಣವಾಯಿತು ಎಂಬರ್ಥದ ದೊಡ್ಡ ಬ್ಯಾನರ್. ಅಂದಿನವರೆಗೆ ಸತ್ತಿದ್ದ ಅಮೆರಿಕದ ಸೈನಿಕರು ಸುಮಾರು 140. 2011ರ ಡಿಸೆಂಬರ್‌ನಲ್ಲಿ ಸೇನೆ ಹಿಂದಿರುಗುವ ಹೊತ್ತಿಗೆ ಆ ಸಂಖ್ಯೆ 4,500ರ ಹತ್ತಿರ ಬಂದಿತ್ತು. ಸತ್ತ ಇರಾಕಿ ನಾಗರಿಕರು ಲಕ್ಷಕ್ಕೂ ಹೆಚ್ಚು. ನಡುವೆ 2005ರಲ್ಲಿ ಉಪಾಧ್ಯಕ್ಷ ಡಿಕ್ ಚೆನಿ, ಬಂಡುಕೋರರದು ಇನ್ನು ಕೊನೆಯ ಒದ್ದಾಟ ಎಂದಿದ್ದರು. ಆ ಯುದ್ಧದಲ್ಲಿ ಅಮೆರಿಕದ ಅತಿ ಹೆಚ್ಚು ಸೈನಿಕರು ಸತ್ತದ್ದು ಅದಾದ ಮೇಲೆ, 2007ರಲ್ಲಿ.

ಇದರಿಂದ ನಮಗೇನು ಎಂದು ಕೇಳಬಹುದು. 2003ರಲ್ಲಿ ಅಮೆರಿಕ ಇರಾಕಿಗೆ ಭಾರತದ ಸೇನೆಯನ್ನೂ ಕೇಳಿತ್ತು. ಒಂದು ಡಿವಿಜನ್, ಅಂದರೆ ಸುಮಾರು 17,000 ಜನ. ದೆಹಲಿಯಲ್ಲಿ ಅದರ ಪರವಾಗಿಯೂ ವಾದಗಳು ನಡೆದವು. ಕೊನೆಗೆ ಜುಲೈನಲ್ಲಿ ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸಲಾಗದು ಎಂದಿತು. ಕಾಳಗ ಮುಗಿದಿದೆ, ಇನ್ನು ಶಾಂತಿ ಕಾಯುವುದಷ್ಟೇ ಕೆಲಸ ಎಂದು ನಂಬಿ ಹೊರಟಿದ್ದರೆ, ಮುಂದಿನ ವರ್ಷಗಳ ಬಾಂಬು, ಗುಂಡುಗಳ ನಡುವೆ ನಮ್ಮವರೂ ಇರುತ್ತಿದ್ದರು.

ಆದ್ದರಿಂದ ಯಾವ ದೇಶದ ನಾಯಕರೇ ಆಗಲಿ, ನಮ್ಮವರೇ ಆಗಲಿ, ಯುದ್ಧದ ಪ್ರಗತಿ ಹೇಳುವಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಮೊದಲನೆಯದು, ಆರಂಭದಲ್ಲಿ ಹೇಳಿದ ಗುರಿಯೇ ಈಗಲೂ ಇದೆಯೇ? ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳಿವೆ ಎಂದು ಯುದ್ಧಕ್ಕೆ ಹೊರಟರು. ಅವುಗಳ ದಾಸ್ತಾನು ಇರಲಿಲ್ಲವೆಂದು ಅಮೆರಿಕವೇ ನೇಮಿಸಿದ ತನಿಖಾ ತಂಡ 2004ರಲ್ಲಿ ವರದಿ ಕೊಟ್ಟಿತು. ಅಷ್ಟರಲ್ಲಿ ನಾಯಕರ ಬಾಯಲ್ಲಿ ಪ್ರಜಾಪ್ರಭುತ್ವದ ಮಾತು ಬಂದಿತ್ತು. ಎರಡನೆಯದು, ಸತ್ತವರ ಲೆಕ್ಕದಲ್ಲಿ ಯಾರನ್ನು ಬಿಟ್ಟಿದ್ದಾರೆ? ಮೂರನೆಯದು, ಹೇಳುವವರನ್ನು ಬಿಟ್ಟು ಬೇರೆ ಯಾರಾದರೂ ಅಲ್ಲಿಗೆ ಹೋಗಿ ನೋಡಿ ಬಂದಿದ್ದಾರೆಯೇ?

ಇಷ್ಟು ಕೇಳಿದರೆ ದೇಶದ್ರೋಹವೇನೂ ಆಗದು. ಯುದ್ಧಕ್ಕೆ ಮಕ್ಕಳನ್ನು ಕಳುಹಿಸುವ ಮನೆಗಳಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಋಣ ಇದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಯುದ್ಧದ ವಿಷಯದಲ್ಲಿ ನಾವು ಕಾಣುವುದು ಕಡಿಮೆ, ಕೇಳುವುದೇ ಹೆಚ್ಚು.