ಹಿತ್ತಲ ಮಣ್ಣಿಗೆ ಕಸುವು



ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ‘ಮಣ್ಣು’ ಎಂಬ ಶಬ್ದದ ಅರ್ಥ ತಿಳಿದದ್ದು ಚಿಕ್ಕಬಳ್ಳಾಪುರದಲ್ಲಿ ಮನೆ ಕಟ್ಟಿಸಿದ ಮೇಲೆ. ಪಾಯ ತೋಡಿದಾಗ ಬಂದ ಕೆಂಪು ಗರಸುಮಣ್ಣನ್ನೇ ಹಿತ್ತಲಲ್ಲಿ ಹರವಿದ್ದರು. ಹಳ್ಳಿಯಿಂದ ಬಂದ ನನ್ನ ತಾಯಿಯವರಿಗೆ ಒಂದು ಅವರೆಯ ಚಪ್ಪರ ಬೇಕಾಗಿತ್ತು. ಬೀಜ ಮೊಳೆಯಿತು, ಬಳ್ಳಿ ಹಬ್ಬಲಿಲ್ಲ. ಗೊಬ್ಬರ ಸಾಲದೆಂದು ಶಿಡ್ಲಘಟ್ಟದ ಕಡೆಯ ಪರಿಚಿತ ರೈತರೊಬ್ಬರಿಂದ ಒಂದು ಗಾಡಿ ಹಸಿ ಹುಳುಹಿಕ್ಕೆ ತರಿಸಿ ಬುಡಕ್ಕೆ ಸುರಿಸಿದೆ. ವಾರದೊಳಗೆ ಇದ್ದ ಸಸಿಗಳೂ ಸುಟ್ಟುಹೋದವು. ಅಮ್ಮ ಗದರಲಿಲ್ಲ. “ಬೇಯದ ಅನ್ನ ಬಡಿಸಿದರೆ ಯಾರು ತಾನೆ ಉಣ್ಣುತ್ತಾರಪ್ಪಾ?” ಎಂದರು, ಅಷ್ಟೆ.

ಆ ಮಾತು ದಿಟ. ಹಸಿ ಗೊಬ್ಬರ ಕೊಳೆಯುವಾಗ ಕಾವು ಏಳುತ್ತದೆ. ಎಳೆಯ ಬೇರು ಅದನ್ನು ತಾಳಲಾರದು. ಗೆದ್ದಲಿಗೂ ಅದು ಆಹ್ವಾನವೇ. ಆದ್ದರಿಂದ ಮೊದಲು ಗುಂಡಿ, ಆಮೇಲೆ ಗಿಡ.

ನೆರಳಿರುವ ಮೂಲೆಯಲ್ಲಿ ಮೂರಡಿ ಅಗಲ, ಮೂರಡಿ ಆಳದ ಗುಂಡಿ ತೋಡಿ. ಅಡುಗೆಮನೆಯ ತರಕಾರಿ ಸಿಪ್ಪೆ, ಉದುರೆಲೆ, ಹೊಂಗೆಸೊಪ್ಪು ಇವುಗಳನ್ನು ಅರ್ಧ ಅಡಿ ಹರವಿ, ಮೇಲೆ ಸಗಣಿ ಬಗ್ಗಡ ಚಿಮುಕಿಸಿ, ತೆಳುವಾಗಿ ಮಣ್ಣು ಮುಚ್ಚಿ. ಹೀಗೆ ವರಸೆ ವರಸೆಯಾಗಿ ತುಂಬಿ, ಕೊನೆಗೆ ಕೆಸರು ಮೆತ್ತಿ. ಹೀಗೆ ಮುಚ್ಚಿ ಕೊಳೆಸುವ ಕ್ರಮವೊಂದು 1939ರಲ್ಲಿ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡು, ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಶಿಡ್ಲಘಟ್ಟದವರಿಗೆ ಹುಳುಹಿಕ್ಕೆ, ಉಳಿದ ಹಿಪ್ಪುನೇರಳೆ ಕಡ್ಡಿ ಸುಲಭ. ಗೌರಿಬಿದನೂರು, ಚಿಂತಾಮಣಿಯವರಿಗೆ ಕಡಲೆಕಾಯಿ ಸಿಪ್ಪೆ, ರಾಗಿ ಹೊಟ್ಟು. ರೋಗ ಬಿದ್ದ ಹುಳುಗಳನ್ನು ಮಾತ್ರ ಗುಂಡಿಗೆ ಹಾಕಬಾರದು. ಪ್ಲಾಸ್ಟಿಕ್ ಚೂರಂತೂ ಬೇಡವೇ ಬೇಡ.

ನಾಲ್ಕು ತಿಂಗಳಿಗೆ ತೆಗೆದು ನೋಡಿ. ಮುಟ್ಟಿದರೆ ತಂಪಾಗಿರಬೇಕು, ಮೊದಲ ಮಳೆ ಬಿದ್ದ ನೆಲದ ವಾಸನೆ ಬರಬೇಕು. ದುರ್ವಾಸನೆಯಿದ್ದರೆ ಇನ್ನೂ ಕಾಯಿರಿ.

ನಮ್ಮ ಕೆಂಪು ನೆಲದ ದೋಷವೆಂದರೆ, ಮಳೆ ಬಿದ್ದೊಡನೆ ಮೇಲೆ ಹಕ್ಕಳೆಗಟ್ಟಿ, ನೀರು ಇಂಗದೆ ಹರಿದುಹೋಗುವುದು. ಮಾಗಿದ ಗೊಬ್ಬರ ಮಣ್ಣಿನ ಕಣಗಳನ್ನು ಸಡಿಲವಾಗಿ ಕೂಡಿಸಿ ನೀರು ಹಿಡಿಯುತ್ತದೆ. ಚದರ ಗಜಕ್ಕೊಂದು ಬಾಂಡಲಿ ಹಾಕಿ, ಗೇಣುದ್ದ ಅಗೆದು ಬೆರೆಸಿ. ಹಿರಿಯರು ಬೇಸಗೆಯಲ್ಲಿ ಕೆರೆಗೋಡು ಹೊಡೆಸುತ್ತಿದ್ದುದೂ ಇದಕ್ಕೇ. ಮರಳುನೆಲಕ್ಕೆ ಅದು ಅಂಟು ಕೊಡುತ್ತದೆ. ಬಿತ್ತಿದ ಮೇಲೆ ತರಗೆಲೆ ಹೊದಿಸಿದರೆ ಬಿಸಿಲು ತೇವವನ್ನು ಕದಿಯದು.

ಅವರೆಯ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳಿದ್ದು, ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಕೊಯ್ಲಾದ ಮೇಲೆ ಬಳ್ಳಿಯನ್ನು ಕೀಳದೆ, ಬುಡಕ್ಕೆ ಕೊಯ್ದು ಬೇರನ್ನು ನೆಲಕ್ಕೇ ಬಿಡಿ.

ಮರುವರ್ಷ ಯುಗಾದಿಗೆ ಗುಂಡಿ ತುಂಬಿದೆ, ಶ್ರಾವಣದಲ್ಲಿ ಬಿತ್ತಿದೆ. ಧನುರ್ಮಾಸದ ಒಂದು ಮುಂಜಾನೆ ಅಮ್ಮ ಜಗಲಿಯ ಮೇಲೆ ಕುಳಿತು ನಮ್ಮ ಹಿತ್ತಲಿನ ಸೊಗಡವರೆಯನ್ನು ಸುಲಿದರು. ಅವರು ಕಂಡ ಕೊನೆಯ ಅವರೆಕಾಲ ಅದು. ಚಪ್ಪರ ಇನ್ನೂ ಇದೆ. ಗುಂಡಿಯೂ ವರ್ಷ ವರ್ಷ ತುಂಬುತ್ತದೆ. ನೀವೂ ಈ ವಾರವೇ ಒಂದು ಮೂಲೆ ಗುರುತು ಮಾಡಿರಿ.