ನೋಡುವವರೂ ಆಡುವ ಆಟ

(ರೈತರ ಕೂಟದಲ್ಲಿ ಮಾಡಿದ ಭಾಷಣ)



ದ್ರೌಪದಿಯ ಸೀರೆ ಸೆಳೆಯುವ ಬಯಲಾಟವನ್ನು ನೀವು ನೋಡಿದ್ದೀರಿ. ದುಶ್ಶಾಸನ ಮುಡಿಗೆ ಕೈಹಾಕಿದ ಕೂಡಲೆ ನಮ್ಮ ಕಣ್ಣು ಒದ್ದೆಯಾಗುತ್ತದೆ. ಸುಮ್ಮನೆ ಕುಳಿತ ಭೀಷ್ಮದ್ರೋಣರನ್ನು ಮನಸ್ಸಿನಲ್ಲೇ ಬಯ್ಯುತ್ತೇವೆ. ಆದರೆ ಪಕ್ಕದ ಮನೆಯ ಹೆಣ್ಣುಮಗಳು ಏಟು ತಿಂದು ಕೂಗಿಕೊಂಡರೆ, "ಗಂಡಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಕದ ಹಾಕಿಕೊಳ್ಳುತ್ತೇವೆ. ಆ ಗಾದೆ ಜಗಳಕ್ಕೆ ಹೇಳಿದ್ದು, ಹೊಡೆತಕ್ಕಲ್ಲ.

ನೋಡುವವರು ಎದ್ದು ಹೋಗಿ ತಡೆಯಬಹುದಾದ ಆಟವೂ ಒಂದುಂಟು. ಅದನ್ನು ರೂಪಿಸಿದವರು ಬ್ರೆಜಿಲ್ ದೇಶದ ಅಗಸ್ಟೊ ಬೋಆಲ್. 1973ರಲ್ಲಿ ಪೆರು ದೇಶದಲ್ಲಿ ಅವರ ತಂಡ ಒಂದು ಕಥೆ ಆಡಿತು. ಓದು ಬಾರದ ಹೆಂಡತಿಗೆ ಗಂಡ ಮೋಸ ಮಾಡಿದ ಕಥೆ. ಅವಳು ಏನು ಮಾಡಬೇಕೆಂದು ಸಭೆಯವರು ಹೇಳಬೇಕು, ನಟರು ಹಾಗೆ ಆಡಬೇಕು. ಒಬ್ಬಾಕೆಗೆ ಎಷ್ಟು ಆಡಿ ತೋರಿಸಿದರೂ ಸಮಾಧಾನವಾಗಲಿಲ್ಲ. "ನೀವೇ ಬಂದು ಆಡಿ" ಎಂದಾಗ ಆಕೆ ಪೊರಕೆ ಹಿಡಿದು ಗಂಡನ ವೇಷದವನನ್ನು ಬಾರಿಸಿಯೇ ಬಿಟ್ಟಳು ಎಂದು ಬೋಆಲ್ ಬರೆದಿದ್ದಾರೆ. ಪಾಪ, ನಟನ ಗತಿ!

ಈ ಬಗೆಯ ಆಟ ನಮ್ಮ ದೇಶದ ಹಳ್ಳಿಗಳಲ್ಲೂ ಬೇರುಬಿಟ್ಟಿದೆ. ಪಶ್ಚಿಮ ಬಂಗಾಳದಲ್ಲಿ ಸಂಜೊಯ್ ಗಂಗೂಲಿಯವರು 1985ರಲ್ಲಿ 'ಜನ ಸಂಸ್ಕೃತಿ' ತಂಡ ಕಟ್ಟಿದರು. ಅವರ 'ಶೋನಾರ್ ಮೇಯೆ', ಎಂದರೆ ಚಿನ್ನದ ಹುಡುಗಿ, ಒಬ್ಬಳ ತವರು, ಮದುವೆ, ಅತ್ತೆಮನೆಗಳ ಕಥೆ. ಮೊದಲು ಆಟವನ್ನು ಪೂರಾ ತೋರಿಸುತ್ತಾರೆ. ಮತ್ತೆ ಆಡುವಾಗ ಯಾರು ಬೇಕಾದರೂ "ನಿಲ್ಲಿಸಿ" ಎಂದು ಎದ್ದು ಹುಡುಗಿಯ ಜಾಗದಲ್ಲಿ ನಿಲ್ಲಬಹುದು, ಗಂಡಸರೂ ಸಹ. ಗಂಡನ ವೇಷದವನು ಸುಲಭವಾಗಿ ಜಗ್ಗುವುದಿಲ್ಲ. ಒಂದೇ ಮಾತಿಗೆ ಅವನು ಒಳ್ಳೆಯವನಾದಂತೆ ಆಡಿದರೆ, ಸೂತ್ರಧಾರ ಸಭೆಯನ್ನೇ ಕೇಳುತ್ತಾನೆ: ಇದು ನಡೆಯುವ ಮಾತೇ?

ಇದರ ಬೆಲೆ ಇರುವುದು ಇಲ್ಲಿಯೇ. "ತವರಿಗೆ ಹೋಗು" ಎನ್ನುವುದು ನಮಗೆ ಸುಲಭ. ಅವಳ ಜಾಗದಲ್ಲಿ ನಿಂತಾಗಲೇ ತಿಳಿಯುವುದು: ಅಣ್ಣ ಅತ್ತಿಗೆ ಎಷ್ಟು ದಿನ ಇಟ್ಟುಕೊಂಡಾರು? ಮಕ್ಕಳ ಶಾಲೆ ಏನಾದೀತು? ಕೈಯಲ್ಲಿ ಬಸ್ಸಿನ ದುಡ್ಡಾದರೂ ಇದೆಯೇ?

ನಿಮ್ಮೂರಲ್ಲೂ ಇದನ್ನು ಆಡಬಹುದು. ಪರದೆ, ಬಣ್ಣ, ಹಾರ್ಮೋನಿಯಂ ಏನೂ ಬೇಡ. ಸುಗ್ಗಿ ಮುಗಿದ ಕಣ ಸಾಕು. ಭಜನೆಯವರೂ ಸ್ತ್ರೀಶಕ್ತಿ ಸಂಘದವರೂ ಸೇರಿ ಅರ್ಧ ಗಂಟೆಯ ಕಥೆ ಕಟ್ಟಿಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಇರಲಿ. ಊರಿನ ಯಾವ ಮನೆಯ ಕಥೆಯನ್ನೂ ಇದ್ದ ಹಾಗೆ ಆಡಬೇಡಿ. ಆ ರಾತ್ರಿ ಅದರ ಸಿಟ್ಟನ್ನು ಆ ಮನೆಯ ಹೆಂಗಸೇ ಉಣ್ಣಬೇಕಾದೀತು.

ಕಾನೂನು ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆಯಬಾರದೆಂದೂ, ಬಾಳಿದ ಮನೆಯಿಂದ ಅವಳನ್ನು ಹೊರಗೆ ಹಾಕಬಾರದೆಂದೂ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಸಹಾಯಕ್ಕೆ ಸಂರಕ್ಷಣಾಧಿಕಾರಿ ಇರುತ್ತಾರೆ, ಫೋನಿನಲ್ಲಾದರೆ 181. ಆಟ ಮುಗಿದೊಡನೆ ದೀಪ ಆರಿಸಬೇಡಿ. ನಂಬಿಕೆಯ ಹೆಂಗಸೊಬ್ಬರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿರಲಿ. ಎಲ್ಲರೂ ಹೋದ ಮೇಲೆಯೇ ಮಾತಾಡಲು ಬರುವವರು ಇರುತ್ತಾರೆ.