ಶೇಕಡಾ 30 ಎಂದರೆ ನಿಜವಾಗಿ ಎಷ್ಟು?

(ಹಜ್ ಯಾತ್ರಿಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹಜ್‌ನ ವಿಧಿಗಳನ್ನು ಮೌಲಾನಾ ಸಾಹೇಬರು ವಿವರವಾಗಿ ತಿಳಿಸಿದ್ದಾರೆ. ನಾನು ಹೇಳಬೇಕೆಂದಿರುವುದು ಒಂದು ಸಣ್ಣ ವಿಷಯ. ಅದು ನಿಮ್ಮ ಮೊಬೈಲಿನ ಮೂಲೆಯಲ್ಲಿ ಕಾಣುವ ಬ್ಯಾಟರಿಯ ಶೇಕಡಾ ಲೆಕ್ಕ. ಇದೇನು ದೊಡ್ಡ ಮಾತು ಎಂದು ನಗಬೇಡಿ. 2024ರ ಜೂನ್ 17ರಂದು ಮಕ್ಕಾದ ಮಸ್ಜಿದುಲ್ ಹರಾಮ್‌ನಲ್ಲಿ 51.8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಆ ವರ್ಷದ ಹಜ್‌ನಲ್ಲಿ 1,300ಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರೆಂದು ಸೌದಿ ಸರ್ಕಾರವೇ ತಿಳಿಸಿತು. ಅಂಥ ಬಿಸಿಲಿನಲ್ಲಿ ಸಂಗಡಿಗರಿಂದ ಬೇರೆಯಾದವರು ಮೊದಲು ಹುಡುಕುವುದು ಮೊಬೈಲನ್ನೇ.

ನಮ್ಮ ಮೊಬೈಲುಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಅದರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಕೋಲು ಇಳಿಬಿಟ್ಟು ಎಣ್ಣೆ ಅಳೆದ ಹಾಗೆ ಅಳೆಯಲು ಬರುವುದಿಲ್ಲ. ಒಳಗಿನ ಚಿಕ್ಕ ಚಿಪ್ ಅಂದಾಜು ಮಾಡುತ್ತದೆ, ಅಷ್ಟೇ. ಒಳಗೆ ಹೋದ, ಹೊರಗೆ ಬಂದ ವಿದ್ಯುತ್ತಿಗೆ ಅಂಗಡಿಯವರಂತೆ ಜಮಾ-ಖರ್ಚು ಬರೆಯುತ್ತದೆ. ಜೊತೆಗೆ ವೋಲ್ಟೇಜನ್ನೂ ನೋಡುತ್ತದೆ. ತುಂಬಿದಾಗ ಸಾಮಾನ್ಯವಾಗಿ ಸುಮಾರು 4.2 ವೋಲ್ಟ್ ಇರುವುದು, ಖಾಲಿಯಾಗುತ್ತಾ 3 ವೋಲ್ಟಿನ ಕಡೆಗೆ ಇಳಿಯುತ್ತದೆ. ಹಿತವಾದ ಹವೆಯಲ್ಲಿ ಈ ಅಂದಾಜು ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಅತಿಯಾದ ಚಳಿಯಲ್ಲಿ, ಅತಿಯಾದ ಬಿಸಿಲಲ್ಲಿ ತಪ್ಪುತ್ತದೆ.

ಚಳಿಯಲ್ಲಿ ಏನಾಗುತ್ತದೆ? ಲಡಾಖಿನ ದ್ರಾಸ್‌ನಂಥ ಕಡೆ ಶೇಕಡಾ 30 ತೋರಿಸುತ್ತಿರುವಾಗಲೇ ಮೊಬೈಲು ಆರಿಹೋಗಬಹುದು. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಇರುತ್ತದೆ, ಬಗ್ಗಿಸಿದರೆ ಬೀಳುವುದಿಲ್ಲ. ಬ್ಯಾಟರಿಯೂ ಹಾಗೆಯೇ. ಶಕ್ತಿ ಒಳಗಿದೆ, ಆದರೆ ಅಯಾನುಗಳ ಓಡಾಟ ನಿಧಾನವಾಗಿ ವೋಲ್ಟೇಜ್ ಥಟ್ಟನೆ ಕುಸಿಯುತ್ತದೆ. ಬೆಚ್ಚಗಾದ ಮೇಲೆ ಮತ್ತೆ ನಡೆಯುತ್ತದೆ.

ಬಿಸಿಲಿನ ಮೋಸ ಬೇರೆ ತರಹ. ಆ ಹೊತ್ತಿಗೆ ಬ್ಯಾಟರಿ ಚೆನ್ನಾಗಿಯೇ ನಡೆದಂತೆ ಕಾಣುತ್ತದೆ. ಆದರೆ ಬಿಸಿಯಲ್ಲಿ ಅದರ ಹಿಡಿತ ಶಾಶ್ವತವಾಗಿ ಕಡಿಮೆಯಾಗುತ್ತಾ ಬರುತ್ತದೆ. ಹೂಳು ತುಂಬಿದ ಕೆರೆ ಕೋಡಿ ಹರಿದರೂ ನೀರು ಮೊದಲಿನಷ್ಟು ಇರುವುದಿಲ್ಲ. ಚಿಪ್ ಹಳೆಯ ಅಳತೆಯನ್ನೇ ನಂಬಿದ್ದರೆ ಲೆಕ್ಕ ತಪ್ಪುತ್ತದೆ. ಅಲ್ಲದೆ ಮಿತಿ ಮೀರಿ ಕಾದ ಮೊಬೈಲು, ಶೇಕಡಾ 80 ಇದ್ದರೂ, ತನ್ನ ರಕ್ಷಣೆಗಾಗಿ ತಾನೇ ಕೆಲಸ ನಿಲ್ಲಿಸಬಹುದು. ಐಫೋನ್ ಬಳಸಲು ಅದರ ಕಂಪನಿ ಹೇಳಿರುವ ಹವೆ 0ಯಿಂದ 35 ಡಿಗ್ರಿ ಮಾತ್ರ. ಮಕ್ಕಾದ 51.8 ಎಲ್ಲಿ, ಈ 35 ಎಲ್ಲಿ!

ಆದ್ದರಿಂದ ನನ್ನ ವಿನಂತಿ ಇಷ್ಟು. ಮೊಬೈಲನ್ನು ಬಿಸಿಲಿಗೆ ಒಡ್ಡಬೇಡಿ, ಬಟ್ಟೆಯ ಚೀಲದೊಳಗೆ ಇಡಿ. ಕಾದಿರುವಾಗ ಚಾರ್ಜಿಗೆ ಹಾಕಬೇಡಿ. ಪವರ್ ಬ್ಯಾಂಕಿನ ದೀಪಗಳೂ ಅಂದಾಜೇ ಎಂಬುದನ್ನು ಮರೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಮಿನಾದ ಡೇರೆಯ ಸಂಖ್ಯೆ, ತಂಡದ ಮುಖಂಡರ ನಂಬರು, ಮನೆಯ ನಂಬರು ಇವನ್ನು ಕಾಗದದ ಮೇಲೆ ಬರೆದು ಕೊರಳ ಚೀಲದಲ್ಲಿ ಇಟ್ಟುಕೊಳ್ಳಿ. ಓದಲು ಬಾರದ ಅಮ್ಮಂದಿರಿಗೆ ಮಕ್ಕಳು ಇಂದೇ ಬರೆದುಕೊಡಲಿ. ಆ ಕಾಗದಕ್ಕೆ ಚಾರ್ಜು ಬೇಕಿಲ್ಲ.

ಅಲ್ಲಾಹನು ನಿಮ್ಮ ಹಜ್ಜನ್ನು ಸ್ವೀಕರಿಸಲಿ. ನಿಮ್ಮ ದುಆಗಳಲ್ಲಿ ನಮ್ಮ ಶಾಲೆಯ ಮಕ್ಕಳನ್ನೂ ನೆನೆಯಿರಿ.